ಸಬ್‌ವೂಫರ್: ಜೋಡಣೆ ಮತ್ತು ಭೂಸಂಪರ್ಕ

ಶ್ರವ್ಯನಾದದ ಅತಿಮಂದ್ರ ಭಾಗವನ್ನು, ಎಂದರೆ ಸುಮಾರು 20ರಿಂದ 120 ಹರ್ಟ್ಸ್‌ವರೆಗಿನ ಕಂಪನಗಳನ್ನು, ಮಾತ್ರ ನುಡಿಸುವ ಸ್ಪೀಕರಿಗೆ ಸಬ್‌ವೂಫರ್ ಎಂದು ಹೆಸರು. ಮನೆಯಲ್ಲಿ ಇದನ್ನು ರಿಸೀವರಿಗೆ ಒಂದೇ ಆರ್‌ಸಿಎ ಕೇಬಲಿನಿಂದ ಜೋಡಿಸಿ, ಸ್ಪೀಕರುಗಳಿಗೂ ಸಬ್‌ವೂಫರಿಗೂ ನಾದವನ್ನು ಹಂಚುವ ಗಡಿಯಾದ ಕ್ರಾಸ್‌ಓವರನ್ನು ಸಾಮಾನ್ಯವಾಗಿ 80 ಹರ್ಟ್ಸ್‌ಗೆ ನಿಲ್ಲಿಸುವರು.

ತೊಡಕೆಲ್ಲ ಭೂಸಂಪರ್ಕದಲ್ಲಿ. ರಿಸೀವರೂ ಸಬ್‌ವೂಫರೂ ಬೇರೆ ಬೇರೆ ಸಾಕೆಟ್ಟುಗಳ ಮೂಲಕ ಭೂಮಿಯನ್ನು ಸೇರಿದಾಗ, ಅಥವಾ ಟಿವಿಯ ಕೇಬಲು ತನ್ನದೇ ಆದ ಮತ್ತೊಂದು ಭೂಸಂಪರ್ಕವನ್ನು (ಅರ್ಥ್) ಹೊತ್ತು ತಂದಾಗ, ಆರ್‌ಸಿಎ ಕೇಬಲಿನ ಹೊರಜಾಲರಿಯು ಈ ಭೂಸಂಪರ್ಕಗಳ ನಡುವೆ ಒಂದು ವಿದ್ಯುತ್ ವಲಯವನ್ನು ಪೂರ್ಣಗೊಳಿಸಿ, ಅದರಲ್ಲಿ ಹರಿಯುವ 50 ಹರ್ಟ್ಸ್‌ನ ಕ್ಷೀಣ ವಿದ್ಯುತ್ತು ಗುಂಯ್ಯೆಂಬ ಅವಿಚ್ಛಿನ್ನ ನಾದವಾಗಿ ಪರಿಣಮಿಸುವುದು. ಸಣ್ಣ ಸ್ಪೀಕರುಗಳು ನುಂಗಿಬಿಡುವ ಈ ನಾದವನ್ನೇ ಸಬ್‌ವೂಫರು ಪರಮನಿಷ್ಠೆಯಿಂದ ನುಡಿಸುತ್ತದೆ.

ಕಾರಿಗೆ ಸಬ್‌ವೂಫರ್ ಜೋಡಿಸುವಾಗ, ವಿಜಯವಾಡ, ವಿಶಾಖಪಟ್ಟಣಗಳ ಆಟೋನಗರಗಳಂಥ ವಾಹನ ದುರಸ್ತಿಯ ನೆಲೆಗಳಲ್ಲಿ ರೂಢವಾದ ‘ಗ್ರೌಂಡ್’ ಬೇರೆಯೇ ವಸ್ತು. ಕಾರಿನಲ್ಲಿ 12 ವೋಲ್ಟ್ ಬ್ಯಾಟರಿಯ ಋಣಾಗ್ರವು ಬಾಡಿಗೇ ಸೇರಿರುವುದರಿಂದ, ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಬೋಲ್ಟಿನಿಂದ ಬಿಗಿದ ತಂತಿಯೇ ಆಂಪ್ಲಿಫೈಯರಿನ ಸಮಸ್ತ ವಿದ್ಯುತ್ತಿಗೂ ಹಿಂದಿರುಗುವ ಹಾದಿ. ಮನೆಯ ಅರ್ಥ್ ಆದರೋ ರಕ್ಷಣೆಗಷ್ಟೆ. ಸುಸ್ಥಿತಿಯಲ್ಲಿ ಅದರಲ್ಲಿ ವಿದ್ಯುತ್ತು ಹರಿಯಬಾರದು. ಗುಂಯ್‌ಗಾಟ ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತೊಗೆಯುವ ಪರಿಪಾಠ ಅತ್ಯಂತ ಅಪಾಯಕರ: ಒಳಗಿನ ಫೇಸ್ ತಂತಿ ಲೋಹಕ್ಕೆ ತಗುಲಿದರೆ 230 ವೋಲ್ಟು ಮುಟ್ಟಿದವರ ಮೈಗೇ ಬರುವುದು.

ಅದರ ಬದಲು, ರಿಸೀವರು, ಸಬ್‌ವೂಫರು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುವುದು, ಟಿವಿ ಕೇಬಲನ್ನು ತೆಗೆದು ಪರೀಕ್ಷಿಸುವುದು, ಇದರಿಂದಲೂ ತೀರದಿದ್ದರೆ ಆರ್‌ಸಿಎ ಹಾದಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಡುವುದು ಯುಕ್ತ ಕ್ರಮ. ಎರಡೇ ಪಿನ್ನುಗಳ, ಇಮ್ಮಡಿ ನಿರೋಧಕದ ಸಬ್‌ವೂಫರುಗಳಲ್ಲಿ ಗುಂಯ್‌ಗುಟ್ಟುವಿಕೆ ಕೇಳಿಸಿದರೆ, ಕೇಬಲಿನ ಜಾಲರಿ ತುದಿಯಲ್ಲಿ ಕಡಿದಿದೆಯೇ ಎಂದು ಮೊದಲು ನೋಡಬೇಕು.