ತಲಕಾಡು ಸೀಮೆಯ ನೀರು, ನೆಲ ಮತ್ತು ಅಭಿವೃದ್ಧಿ

ಕಾವೇರಿ ಮತ್ತು ಕಪಿಲೆ (ಕಬಿನಿ) ನದಿಗಳು ಕೂಡುವ ತಿರುಮಕೂಡಲು ನರಸೀಪುರ, ಅದರಾಚೆಯ ತಲಕಾಡು, ಕಪಿಲೆಯ ದಡದ ನಂಜನಗೂಡು ಸೇರಿದ ಸೀಮೆಯ ಆರ್ಥಿಕ ಚರಿತ್ರೆಯೆಂದರೆ ಬಹುಮಟ್ಟಿಗೆ ನೀರಿನ ಚರಿತ್ರೆ. ಗಂಗರ ರಾಜಧಾನಿಯಾಗಿದ್ದ ತಲಕಾಡಿನ ಸಮೀಪ 14ನೆಯ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿ ಕಟ್ಟಿಸಿದನೆನ್ನಲಾದ ಅಣೆಕಟ್ಟೆ ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿದೆ. ತಲಕಾಡನ್ನು ಮುಚ್ಚಿದ ಮರಳಿಗೆ ಜನ ಅಲಮೇಲಮ್ಮ ಎಂಬಾಕೆಯ ಶಾಪವನ್ನು ಕಾರಣ ಹೇಳುತ್ತಾರೆ. ಸಂಶೋಧಕರಲ್ಲಿ ಕೆಲವರ ಬೆರಳು ಅಣೆಕಟ್ಟೆಯತ್ತಲೇ: ಹರಿವು ತಗ್ಗಿದ ಹೊಳೆಯಲ್ಲಿ ಬೇಸಿಗೆಗೆ ಬಯಲಾದ ಮರಳನ್ನು ಗಾಳಿ ಊರ ಮೇಲೆ ತಂದು ಸುರಿಯಿತು. ಅದು ನಿಜವಾದರೆ, ಗದ್ದೆಗೆ ನೀರು ಕೊಟ್ಟ ಕಟ್ಟೆಯೇ ಊರಿಗೆ ಮರಳನ್ನೂ ಕೊಟ್ಟಿತು.

1911ರಲ್ಲಿ ಕಟ್ಟಲು ಆರಂಭಿಸಿದ ಕೃಷ್ಣರಾಜಸಾಗರದ ಮುಖ್ಯ ಲಾಭ ಮಂಡ್ಯ ಸೀಮೆಗೆ ಹೋಯಿತು. ಅದೇ ಜಲಾಶಯದಿಂದ ಈ ಭಾಗಕ್ಕೆ ವರುಣಾ ನಾಲೆ ಬಂದದ್ದು ಎಷ್ಟೋ ದಶಕಗಳ ಮೇಲೆ. ಬಹುಕಾಲ ಮಾಧವಮಂತ್ರಿ, ಹುಲ್ಲಹಳ್ಳಿ, ರಾಂಪುರದಂಥ ಹಳೆಯ ನಾಲೆಗಳೇ ಗತಿಯಾಗಿದ್ದವು. ನಿಜವಾದ ತಿರುವು ತಂದದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1974ರಲ್ಲಿ ಮುಗಿದ, 19.5 ಟಿಎಂಸಿ ಅಡಿ ಸಾಮರ್ಥ್ಯದ ಕಬಿನಿ ಜಲಾಶಯ. ರಾಗಿ, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಜಲಾಶಯದ ಹಿನ್ನೀರಿನಲ್ಲಿ ಮನೆಮಠ ಕಳೆದುಕೊಂಡವರ ಊರುಗಳಿಗೆ ಅದರ ನಾಲೆಗಳ ಸುಖ ಸಿಗಲಿಲ್ಲವೆಂಬುದನ್ನೂ ಇಲ್ಲೇ ಹೇಳಬೇಕು.

ನೀರು ಬಂದ ಮೇಲೆ ಅದನ್ನು ಹಂಚುವುದೇ ದೊಡ್ಡ ಕೆಲಸ. ಜಲಾಶಯ ತುಂಬದ ವರ್ಷ ಕಟ್ಟುಪದ್ಧತಿಯಲ್ಲಿ ಕೆಲವು ದಿನ ನಾಲೆಗೆ ನೀರು ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ತೂಬಿನ ಹತ್ತಿರದ ಗದ್ದೆಯವರು ನೀರು ಬಂದ ರಾತ್ರಿಯೇ ಮಡಿ ತುಂಬಿಸಿಕೊಂಡು ಬದು ಕಟ್ಟಿಬಿಡುತ್ತಾರೆ. ಹೂಳು ತುಂಬಿದ ಕಿರುನಾಲೆಯಲ್ಲಿ ನೀರು ತೆವಳುತ್ತ ಕೊನೆಭಾಗ ಮುಟ್ಟುವಷ್ಟರಲ್ಲಿ ಆ ಕಟ್ಟು ಮುಗಿದಿರುತ್ತದೆ. ಮೇಲಿನವರ ಗದ್ದೆಯಲ್ಲಿ ನೀರು ನಿಂತು ಮಣ್ಣು ಜೌಗಾದರೆ, ಕೆಳಗಿನವರು ಒಣ ಸಸಿಮಡಿ ನೋಡುತ್ತ ಕೂರುತ್ತಾರೆ. ಈ ಕಷ್ಟ ಇಲ್ಲಿಗಷ್ಟೇ ಸೀಮಿತವಲ್ಲ. 1925ರಲ್ಲಿ ನೀಲಿ ನೈಲ್ ನದಿಯ ಸೆನ್ನಾರ್ ಅಣೆಕಟ್ಟಿನಿಂದ ಹತ್ತಿ ಬೆಳೆಯಲು ನೀರು ಪಡೆದ ಸುಡಾನಿನ ಗೆಝೀರಾ ಯೋಜನೆಯ ನಾಲೆಗಳನ್ನೂ ಹೂಳು ಬಾಧಿಸಿತು. ಬಡ ದೇಶಗಳಲ್ಲಿ ಅಣೆಕಟ್ಟೆಗೆ ಸಾಲ ಸಿಕ್ಕಷ್ಟು ಸಲೀಸಾಗಿ ಹೂಳೆತ್ತಲು ದುಡ್ಡು ಸಿಗುವುದಿಲ್ಲ.

ನೀರಿನಷ್ಟೇ ಮುಖ್ಯವಾದದ್ದು ನೆಲದ ಒಡೆತನ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ 1974ರಲ್ಲಿ ಜಾರಿಗೆ ಬಂದು ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟಿತು. ಗೇಣಿಯೂ ಇಲ್ಲದ ಕೂಲಿಯವರಿಗೆ, ಅಂದರೆ ಹೆಚ್ಚಾಗಿ ದಲಿತರಿಗೆ, ಅದರಿಂದ ಆದ ಅನುಕೂಲ ಅಲ್ಪ. ಕೆಲಸ ಸಿಕ್ಕರೂ ಜಾತಿಯ ಹಿಡಿತ ಉಳಿಯುತ್ತದೆಂಬುದಕ್ಕೆ ನಂಜನಗೂಡು ತಾಲ್ಲೂಕಿನ ಬದನವಾಳು ಸಾಕ್ಷಿ. ಗಾಂಧೀಜಿ ಭೇಟಿ ಕೊಟ್ಟ ಖಾದಿ ಕೇಂದ್ರದಲ್ಲಿ ನೂಲುವ ಹೆಂಗಸರಿಗೆ ಕೆಲಸ ಸಿಕ್ಕ ಊರಿನಲ್ಲೇ 1993ರಲ್ಲಿ ದೇವಸ್ಥಾನ ಪ್ರವೇಶದ ವಿವಾದ ಮೂವರು ದಲಿತರ ಕೊಲೆಯವರೆಗೆ ಹೋಯಿತು. ವರಮಾನ ಏರಿದ ಮಾತ್ರಕ್ಕೆ ಜಾತಿ ಸಡಿಲವಾಗುತ್ತದೆಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ತುಂಡು ಭೂಮಿಯವರ ಕೈ ಹಿಡಿದದ್ದು ರೇಷ್ಮೆ. ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕಿದ ಹುಳು ಹಣ್ಣಾಗಿ ಚಂದ್ರಿಕೆಯಲ್ಲಿ ಗೂಡು ಕಟ್ಟಿದರೆ ಒಂದೆರಡು ತಿಂಗಳಿಗೊಮ್ಮೆ ಕೈಗೆ ನಗದು ಬರುತ್ತದೆ. ಭತ್ತದಂತೆ ಕೊಯ್ಲಿನವರೆಗೆ ಕಾಯಬೇಕಿಲ್ಲ. ಗೂಡಿನಿಂದ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ತಿ. ನರಸೀಪುರದಲ್ಲೇ ಇದೆ, 1912ರಲ್ಲಿ ಶುರುವಾದ ಮೈಸೂರಿನ ನೇಯ್ಗೆ ಕಾರ್ಖಾನೆಯಂತೆ ಅದೂ ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಅಧೀನದಲ್ಲಿದೆ. ಚೀನಾದ ನೂಲು ಅಗ್ಗವಾಗಿ ಬಂದಾಗಲೆಲ್ಲ ಗೂಡಿನ ದರ ಕುಸಿಯುತ್ತದೆ. ನಂಜನಗೂಡಿನ ರಸಬಾಳೆಯದು ಇನ್ನೂ ಕಷ್ಟದ ಕಥೆ: ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ, ಆದರೆ ಸೊರಗು ರೋಗಕ್ಕೆ ಹೆಚ್ಚು ತೋಟಗಳು ಉಳಿದಿಲ್ಲ.

ನಂಜನಗೂಡಿನ ಕೈಗಾರಿಕಾ ಪ್ರದೇಶ ಹಳ್ಳಿಯ ಹುಡುಗರಿಗೆ ಸಂಬಳದ ದಾರಿ ತೋರಿಸಿತು. ಸುತ್ತೂರು ಮಠದ ಶಿಕ್ಷಣ ಸಂಸ್ಥೆ ಜೆಎಸ್‌ಎಸ್ ಮಹಾವಿದ್ಯಾಪೀಠ 1954ರಿಂದ ಆ ದಾರಿಗೆ ಬೇಕಾದ ಓದನ್ನು ಹತ್ತಿರ ತಂದಿತು. ಆದರೆ ಮೈಸೂರು ಜಿಲ್ಲೆಯ ಸರಾಸರಿಯಲ್ಲಿ ಮೈಸೂರು ನಗರದ ಸಂಪತ್ತೂ ಸೇರಿಕೊಳ್ಳುವುದರಿಂದ ಹಳ್ಳಿಗಳ ಸ್ಥಿತಿ ಮರೆಯಾಗುತ್ತದೆ. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನೇ ಅಳತೆಯ ಘಟಕವಾಗಿ ಹಿಡಿದು, ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು.

2018ರ ಸುಪ್ರೀಂ ಕೋರ್ಟ್ ತೀರ್ಪು ಕರ್ನಾಟಕದ ಕಾವೇರಿ ಪಾಲನ್ನು 284.75 ಟಿಎಂಸಿ ಅಡಿಗೆ ನಿಗದಿಪಡಿಸಿದ್ದರಿಂದ ಹೊಸ ನಾಲೆಗಳ ಆಸೆಗೆ ಮಿತಿ ಬಿದ್ದಿದೆ. ಅದೇ ವರ್ಷ, ಮರುವರ್ಷವೂ, ವಯನಾಡಿನ ಮಳೆಗೆ ಕಬಿನಿ ಉಕ್ಕಿ ನಂಜನಗೂಡಿನ ಬಳಿ ಊಟಿ ರಸ್ತೆ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಇದೇ ಕಬಿನಿ ಅಚ್ಚುಕಟ್ಟಿನ ಕೊನೆಭಾಗದ ರೈತರು ಕಟ್ಟು ನೀರಿಗೂ ಧರಣಿ ಕೂರಬೇಕಾಗುತ್ತದೆ.