ಏರ್‌ಬ್ಯಾಗ್ ವಿದ್ಯುತ್ ದೋಷ ಪತ್ತೆ

ಕಾರಿನ ಏರ್‌ಬ್ಯಾಗ್ ವ್ಯವಸ್ಥೆಗೆ ವಿದ್ಯುತ್ ಒದಗಿಸುವ ಬ್ಯಾಟರಿ, ಫ್ಯೂಸ್, ವೈರಿಂಗ್, ಕನೆಕ್ಟರ್ ಮತ್ತು ಅರ್ತಿಂಗ್‌ಗಳಲ್ಲಿನ ಲೋಪಗಳನ್ನು ಕ್ರಮವಾಗಿ ಗುರುತಿಸುವ ವಿಧಾನವೇ ಏರ್‌ಬ್ಯಾಗ್ ವಿದ್ಯುತ್ ದೋಷ ಪತ್ತೆ. ಇದು ವಾಹನ ವಿದ್ಯುತ್ ದುರಸ್ತಿಯ ಒಂದು ಶಾಖೆ. ಭಾರತದಲ್ಲಿ 2019ರಲ್ಲಿ ಚಾಲಕನಿಗೂ 2021ರಲ್ಲಿ ಮುಂದಿನ ಸಹಪ್ರಯಾಣಿಕನಿಗೂ ಏರ್‌ಬ್ಯಾಗ್ ಕಡ್ಡಾಯವಾದುದರಿಂದ ಸಣ್ಣ ಕಾರುಗಳಿಗೂ ಇದರ ಅಗತ್ಯ ವ್ಯಾಪಿಸಿತು.

ಇಗ್ನಿಷನ್ ಹಾಕಿದಾಗ ಬೆಳಗುವ ಏರ್‌ಬ್ಯಾಗ್ ಎಚ್ಚರಿಕೆ ದೀಪ ಕೆಲವು ಸೆಕೆಂಡುಗಳಲ್ಲಿ ಆರದಿದ್ದರೆ ಅಥವಾ ಬೆಳಗದೇ ಇದ್ದರೆ ದೋಷವಿದೆಯೆಂದು ತಿಳಿಯಲಾಗುತ್ತದೆ. ಮೊದಲು ಸ್ಕ್ಯಾನರ್‌ನಿಂದ ನಿಯಂತ್ರಣ ಘಟಕದಲ್ಲಿ ದಾಖಲಾದ ದೋಷ ಸಂಕೇತವನ್ನು ಓದಿ, ಅನಂತರ ಬ್ಯಾಟರಿಯ ವೋಲ್ಟೇಜ್ (ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್), ಫ್ಯೂಸ್ ಮತ್ತು ಅರ್ತಿಂಗ್‌ಗಳನ್ನು ಪರೀಕ್ಷಿಸಲಾಗುತ್ತದೆ. ಶಿಕಾರಿಪುರ, ಸೊರಬ, ಈಸೂರಿನಂಥ ಅರೆಮಲೆನಾಡಿನ ಪ್ರದೇಶದಲ್ಲಿ ಮಳೆಗಾಲದ ತೇವದಿಂದ ಕನೆಕ್ಟರ್‌ಗಳು ಕಿಲುಬುಗಟ್ಟುವುದು, ಇಲಿ ವೈರು ಕಡಿಯುವುದು ಗಮನಿಸಬೇಕಾದ ಕಾರಣಗಳು. ಸ್ಟಿಯರಿಂಗ್ ತಿರುಗಿದರೂ ಸಂಪರ್ಕ ಕಾಯ್ದುಕೊಳ್ಳುವ ಸುರುಳಿ ಕೇಬಲ್, ಅಂದರೆ ಕ್ಲಾಕ್ ಸ್ಪ್ರಿಂಗ್, ತುಂಡಾದಾಗಲೂ ದೀಪ ಉರಿಯುತ್ತದೆ.

ಅಪಘಾತದಲ್ಲಿ ಬ್ಯಾಟರಿಯ ಸಂಪರ್ಕ ಕಡಿದುಹೋದರೂ ಏರ್‌ಬ್ಯಾಗ್ ತೆರೆಯುವಂತೆ ನಿಯಂತ್ರಣ ಘಟಕದ ಕೆಪ್ಯಾಸಿಟರ್ ವಿದ್ಯುತ್ತನ್ನು ಕೂಡಿಟ್ಟಿರುತ್ತದೆ. ಆದ್ದರಿಂದ ಬ್ಯಾಟರಿಯ ಋಣ ತುದಿ ಬಿಡಿಸಿ, ತಯಾರಕರು ಸೂಚಿಸಿದ ಅವಧಿ ಕಾದ ಮೇಲಷ್ಟೇ ಏರ್‌ಬ್ಯಾಗ್‌ನ ಹಳದಿ ಕನೆಕ್ಟರ್‌ಗಳನ್ನು ಕಳಚಬೇಕು. ಸಾಮಾನ್ಯ ಮಲ್ಟಿಮೀಟರ್‌ನಿಂದ ಏರ್‌ಬ್ಯಾಗ್ ಉಬ್ಬಿಸುವ ಸ್ಫೋಟಕ ಭಾಗವನ್ನು ಅಳೆದರೆ ಅದು ಸಿಡಿಯುವ ಅಪಾಯವಿರುವುದರಿಂದ, ಸುಮಾರು 2 ಓಮ್‌ನ ಬದಲಿ ರೆಸಿಸ್ಟರ್ ಜೋಡಿಸಿ ಸರ್ಕ್ಯೂಟ್ ಪರೀಕ್ಷಿಸುವ ಕ್ರಮವಿದೆ. ದೀಪ ಉರಿಯುತ್ತಿದ್ದರೆ ಏರ್‌ಬ್ಯಾಗ್ ತೆರೆಯದಿರಬಹುದಾದ ಕಾರಣ, ದೀಪವನ್ನು ಆರಿಸುವುದಕ್ಕಿಂತ ದೋಷದ ಮೂಲವನ್ನು ಸರಿಪಡಿಸುವುದೇ ಈ ವಿಧಾನದ ಮುಖ್ಯ ಗುರಿ.