ಸಿಡ್ನಿಯ ಕನ್ನಡಿಗರು

ಆಸ್ಟ್ರೇಲಿಯದ ಪೂರ್ವ ಕರಾವಳಿಯ ಮಹಾನಗರವಾದ ಸಿಡ್ನಿಯಲ್ಲಿ ನೆಲಸಿರುವ ಕನ್ನಡ ಸಮುದಾಯ. ಆ ದೇಶದ ವರ್ಣಾಧಾರಿತ ವಲಸೆನೀತಿ 1973ರಲ್ಲಿ ಸಂಪೂರ್ಣವಾಗಿ ಅಳಿದುದು ಭಾರತೀಯರ ನೆಲಸುವಿಕೆಗೆ ದಾರಿಯನ್ನು ಸುಗಮಗೊಳಿಸಿತು. ಕಡಲತಡಿಯ ಮನೆಗಳು ದುಬಾರಿಯಾದುದರಿಂದ ಕನ್ನಡಿಗರಲ್ಲಿ ಅನೇಕರು ರೈಲುಸೌಕರ್ಯವುಳ್ಳ ಪ್ಯಾರಾಮ್ಯಾಟ, ವೆಸ್ಟ್‌ಮೀಡ್ ಮೊದಲಾದ ಪಶ್ಚಿಮದ ಬಡಾವಣೆಗಳಲ್ಲಿ ವಾಸಿಸುತ್ತಾರೆ. ದಕ್ಷಿಣ ಗೋಳಾರ್ಧದಲ್ಲಿ ಋತುಚಕ್ರವು ವಿಪರ್ಯಸ್ತವಾಗಿರುವುದರಿಂದ ಸಂಕ್ರಾಂತಿಯ ಎಳ್ಳುಬೆಲ್ಲವು ಉರಿಬೇಸಗೆಯಲ್ಲಿಯೂ ಯುಗಾದಿಯ ಬೇವುಬೆಲ್ಲವು ಎಲೆಯುದುರುವ ಶರತ್ಕಾಲದಲ್ಲಿಯೂ ಕೈಸೇರುತ್ತವೆ. ಬಾಂಡೈ ಕಡಲತೀರಕ್ಕೆ ಹೋದ ಮಕ್ಕಳು, ರಕ್ಷಕರು ನೆಟ್ಟ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರವೇ ಈಜತಕ್ಕದ್ದೆಂಬ ನಿಯಮವನ್ನು ಮೊದಲು ಕಲಿಯುತ್ತಾರೆ. ಸಿಡ್ನಿಗೆ ಸಮೀಪದ ಹೆಲೆನ್ಸ್‌ಬರ್ಗಿನ ಶ್ರೀವೆಂಕಟೇಶ್ವರ ದೇವಾಲಯವು ಆಚಾರಗಳಿಗೆ ಆಧಾರವಾಗಿದೆ. 2022ರ ಸೆಪ್ಟೆಂಬರಿನಲ್ಲಿ ಕ್ವಾಂಟಸ್ ವಿಮಾನಸಂಸ್ಥೆಯು ಆರಂಭಿಸಿದ ಬೆಂಗಳೂರು-ಸಿಡ್ನಿ ನೇರ ವಿಮಾನಯಾನವು, ದೇವನಹಳ್ಳಿಯ ವಿಮಾನನಿಲ್ದಾಣಕ್ಕೆ ಸಮೀಪದ ಯಲಹಂಕ, ಹೆಬ್ಬಾಳಗಳಲ್ಲಿರುವ ಇವರ ವೃದ್ಧ ತಾಯ್ತಂದೆಯರಿಗೆ ನಡುವೆ ವಿಮಾನ ಬದಲಿಸುವ ಶ್ರಮವನ್ನು ತಪ್ಪಿಸಿ ಮಹದುಪಕಾರವೆಸಗಿತು.